ಕೋಡಿಯ ಮೇಲೆ ಮರಳ ಮೂಟೆ

ಹೆಸರಘಟ್ಟದ ಕೆರೆ 1894ರದ್ದು. ಅರ್ಕಾವತಿಯ ನೀರನ್ನು ತಡೆದು ಬೆಂಗಳೂರಿಗೆ ಕೊಳಾಯಿ ನೀರು ಕೊಡಬೇಕೆಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆದ ಕೆಲಸ ಅದು. ಕೆರೆ ಎಂದಮೇಲೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ಏರಿ ಎಷ್ಟೇ ಎತ್ತರವಿದ್ದರೂ ಕೋಡಿಯನ್ನು ಅದಕ್ಕಿಂತ ಕೆಲವು ಅಡಿ ತಗ್ಗಿನಲ್ಲೇ ಇಡುತ್ತಾರೆ. ಆ ಕೆಲವು ಅಡಿ ಖಾಲಿ ಜಾಗ ವ್ಯರ್ಥವಲ್ಲ. ಎಂದೋ ಒಂದು ದಿನ ಬರುವ ಜಡಿಮಳೆಗೆಂದು ಕಾಯ್ದಿರಿಸಿದ್ದು. ಹಳ್ಳಿಗಳಲ್ಲಿ ರೈತರು ಕೋಡಿಯ ಮೇಲೆ ಮರಳ ಮೂಟೆ ಪೇರಿಸಿ ಇನ್ನರ್ಧ ಅಡಿ ನೀರು ನಿಲ್ಲಿಸುವುದುಂಟು. ಏರಿ ಗಟ್ಟಿಯಾಗಿದ್ದು ಕಾವಲಿಗೆ ಒಬ್ಬನಿದ್ದರೆ ಲಾಭವೇ. ಏರಿಯ ಬಲ ತಿಳಿಯದೆ ಪೇರಿಸಿದರೆ ಕೆಳಗಿನ ಗದ್ದೆಯವರ ಗತಿ ಏನು?

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು ಇಂಥದೇ ಕೆಲಸ. ಅದಕ್ಕೆ 'ಓವರ್‌ಕ್ಲಾಕಿಂಗ್' ಎಂದು ಹೆಸರು. ಕಾಸು ಖರ್ಚಿಲ್ಲದೆ ವೇಗ ಸಿಗುತ್ತದೆ ಎಂಬುದು ಅದರ ಆಕರ್ಷಣೆ. ಅದು ಎಷ್ಟರ ಮಟ್ಟಿಗೆ ನಿಜ?

ಹೆಸರಘಟ್ಟದ ಮುಖ್ಯರಸ್ತೆಯಲ್ಲಿ ಮದುವೆಯ ವಿಡಿಯೋ ಮಾಡಿಕೊಡುವ ಸ್ಟುಡಿಯೋ ಒಂದಿದೆ ಎಂದುಕೊಳ್ಳಿ. ಮೇಲೆ ಸಿಮೆಂಟ್ ಶೀಟಿನ ಸೂರು. ಮೂಲೆಯಲ್ಲಿ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್. ಅದರೊಳಗೆ 2018ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಐ5-9600ಕೆ ಪ್ರೊಸೆಸರ್. ಅದಕ್ಕೆ ಆರು ಕೋರ್‌ಗಳು. ಆರೂ ಒಟ್ಟಿಗೆ ದುಡಿಯುವಾಗ ವೇಗ 4.3 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 430 ಕೋಟಿ ಬಡಿತ. ಒಂದು ಮದುವೆಯ ಚಿತ್ರವನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಅಂತಿಮ ಕಡತ ತೆಗೆಯುವುದಕ್ಕೆ ಮೂರು ಗಂಟೆ ಹಿಡಿಯುತ್ತದೆ. ಮುಹೂರ್ತದ ತಿಂಗಳಲ್ಲಿ ಹುಡುಗಿಯ ಕಡೆಯವರು ಬಾಗಿಲಲ್ಲಿ ನಿಂತು 'ಇನ್ನೂ ಎಷ್ಟೊತ್ತಾಗುತ್ತಪ್ಪಾ?' ಎಂದು ಕೇಳುತ್ತಾರೆ. ಸ್ಟುಡಿಯೋದ ಯುವಕನಿಗೆ ಈ ಪ್ರೊಸೆಸರನ್ನು 4.7 ಗಿಗಾಹರ್ಟ್ಸ್‌ಗೆ ಏರಿಸುವ ಆಸೆ. ಆಸೆ ತಪ್ಪಲ್ಲ. ಆದರೆ ಅವನ ಡಿಸ್ಕಿನಲ್ಲಿರುವುದು ಇನ್ನೊಬ್ಬರ ಮನೆಯ ಮದುವೆ. ಧಾರೆ ಎರೆಯುವುದು ಒಂದೇ ಸಲ.

ಗಂಟೆ ಬೇಗ ಹೊಡೆದರೆ

ಪ್ರೊಸೆಸರಿನಲ್ಲಿ ಗಡಿಯಾರ ಏಕೆ ಬೇಕು? ಶಾಲೆಯ ಗಂಟೆಯನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಪ್ರತಿ ಪೀರಿಯಡ್ಡಿಗೂ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದಾಗ ಹಲಗೆಯ ಮೇಲೆ ಏನಿದೆಯೋ ಅದೇ ಉತ್ತರ, ಅದನ್ನೇ ಮುಂದಿನ ತರಗತಿಯವರು ಬರೆದುಕೊಳ್ಳಬೇಕು ಎಂಬ ನಿಯಮವಿದೆ ಎಂದುಕೊಳ್ಳಿ. 40 ನಿಮಿಷದ ಬದಲು 36 ನಿಮಿಷಕ್ಕೇ ಗಂಟೆ ಹೊಡೆದರೆ ಚುರುಕಾದ ಮಕ್ಕಳು ಲೆಕ್ಕ ಮುಗಿಸಿರುತ್ತಾರೆ. ನಿಧಾನದ ಹುಡುಗನೊಬ್ಬ ಮಾತ್ರ ದಶಕ ಒಯ್ಯುವುದರಲ್ಲೇ ಇರುತ್ತಾನೆ. ಹಲಗೆಯ ಮೇಲಿನ ಅರ್ಧ ಲೆಕ್ಕವೇ ಉತ್ತರವಾಗಿ ಮುಂದೆ ಹೋಗುತ್ತದೆ. ಅದು ತಪ್ಪೆಂದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರೊಸೆಸರಿನೊಳಗೂ ಹೀಗೆಯೇ. ವಿದ್ಯುತ್ ಸಂಕೇತವು ಸಾಲಾಗಿ ನಿಂತ ಅನೇಕ ಟ್ರಾನ್ಸಿಸ್ಟರುಗಳನ್ನು ದಾಟಿ, ಮುಂದಿನ ಬಡಿತಕ್ಕೆ ಮೊದಲು ಸೊನ್ನೆಯೋ ಒಂದೋ ಎಂದು ನೆಲೆಗೊಳ್ಳಬೇಕು. 4.7 ಗಿಗಾಹರ್ಟ್ಸ್‌ನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವುದು 0.213 ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಕ್ರಮಿಸುವುದು ಆರೂವರೆ ಸೆಂಟಿಮೀಟರಿಗಿಂತ ಕಡಿಮೆ. ಇಡೀ ಚಿಪ್ಪಿನಲ್ಲಿ ಅತ್ಯಂತ ಉದ್ದದ, ಅತ್ಯಂತ ನಿಧಾನದ ದಾರಿ ಯಾವುದೋ ಅದೇ ವೇಗದ ಮಿತಿ.

ಹಾಗಾದರೆ ತಯಾರಕರ ಮಿತಿಗಿಂತ ಮೇಲೆ ಓಡಿಸಲು ಸಾಧ್ಯವಾಗುವುದು ಹೇಗೆ? ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದೇ ಹೊಲದ ಜೋಳದ ತೆನೆಗಳ ಹಾಗೆ, ಒಂದಿದ್ದಂತೆ ಇನ್ನೊಂದು ಇರುವುದಿಲ್ಲ. ತಯಾರಕರು ಅವನ್ನು ಪರೀಕ್ಷಿಸಿ ದರ್ಜೆಗೆ ತಕ್ಕ ವೇಗದ ಮುದ್ರೆ ಹಾಕುತ್ತಾರೆ. ಸೆಖೆಯ ಊರಿನಲ್ಲಿ, ಸಾಧಾರಣ ಫ್ಯಾನಿನ ಕೆಳಗೆ, ವರ್ಷಗಟ್ಟಲೆ ತಪ್ಪಿಲ್ಲದೆ ಓಡಬೇಕೆಂದು ಒಂದಷ್ಟು ಅಂತರವನ್ನೂ ಬಿಟ್ಟಿರುತ್ತಾರೆ. ಅದೇ ಕೋಡಿಗೂ ಏರಿಗೂ ನಡುವಿನ ಖಾಲಿ ಜಾಗ.

ಈ ಅಂತರ ಒಂದು ಕಾಲದಲ್ಲಿ ಬಹಳ ದೊಡ್ಡದಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರುವಾಸಿ ನಿದರ್ಶನ. ಅದು 66 ಮೆಗಾಹರ್ಟ್ಸ್‌ನ ಮೂಲ ಬಡಿತವನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು 300ರಲ್ಲಿ ಓಡುತ್ತಿತ್ತು. ಮೂಲ ಬಡಿತವನ್ನು 100ಕ್ಕೆ ಏರಿಸಿದರೆ ಅನೇಕ ಚಿಪ್ಪುಗಳು 450ರಲ್ಲಿ ತಕರಾರಿಲ್ಲದೆ ಓಡಿದವು. ಅಗ್ಗದ ಚಿಪ್ಪಿಗೆ ದುಬಾರಿ ಚಿಪ್ಪಿನ ವೇಗ! ಈಗ ಆ ಕಾಲವಿಲ್ಲ. ಇಂದಿನ ಪ್ರೊಸೆಸರುಗಳು ಬಿಸಿಯನ್ನೂ ವಿದ್ಯುತ್ತನ್ನೂ ತಾವೇ ಅಳೆದುಕೊಂಡು ಸಾಧ್ಯವಾದಷ್ಟು ವೇಗಕ್ಕೆ ತಾವೇ ಏರುತ್ತವೆ. ಖಾಲಿ ಜಾಗದ ಹೆಚ್ಚಿನ ಪಾಲನ್ನು ಕಾರ್ಖಾನೆಯವರೇ ತುಂಬಿಸಿ ಕಳಿಸುತ್ತಾರೆ.

ಬೆಂಗಳೂರಿನಲ್ಲೇ ಇರುವ ಲೆಕ್ಕ

ವೇಗ ಹೆಚ್ಚಿಸಿದಾಗ ಸಂಕೇತ ಬೇಗ ನೆಲೆಗೊಳ್ಳಬೇಕು. ಅದಕ್ಕೆ ಉಪಾಯ ವೋಲ್ಟೇಜ್ ಏರಿಸುವುದು. ಓವರ್‌ಹೆಡ್ ಟ್ಯಾಂಕನ್ನು ಎತ್ತರಕ್ಕೆ ಇಟ್ಟಷ್ಟೂ ಬಿಂದಿಗೆ ಬೇಗ ತುಂಬುವ ಹಾಗೆ. ಆದರೆ ಇದರ ಬೆಲೆ ದುಬಾರಿ. ಚಿಪ್ಪು ನುಂಗುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೋಲ್ಟೇಜ್ ಒಂದೂಕಾಲು ಪಟ್ಟಾದರೆ ವಿದ್ಯುತ್ತು ಒಂದೂವರೆ ಪಟ್ಟಿಗಿಂತ ಹೆಚ್ಚು.

ಇದಕ್ಕೆ ಅಚ್ಚುಕಟ್ಟಾದ ಸಾಕ್ಷ್ಯ ಬೆಂಗಳೂರಿನ ಎಂಜಿನಿಯರುಗಳೂ ಸೇರಿ ರೂಪಿಸಿದ ಒಂದು ಚಿಪ್ಪಿನಲ್ಲಿದೆ. 2007ರಲ್ಲಿ ಇಂಟೆಲ್ 80 ಕೋರ್‌ಗಳ ಪ್ರಾಯೋಗಿಕ ಚಿಪ್ಪೊಂದನ್ನು ಪ್ರಕಟಿಸಿತು. ಅಮೆರಿಕದ ಆರೆಗಾನ್ ಮತ್ತು ಬೆಂಗಳೂರಿನ ತಂಡಗಳು ಕೂಡಿ ಮಾಡಿದ ಇದರಲ್ಲಿ ಸುಮಾರು 10 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಇದು ಮಾರಾಟಕ್ಕೆ ಬಂದದ್ದಲ್ಲ. ಒಂದೇ ಚಿಪ್ಪನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ಅಳೆದ ಅಂಕಿಗಳು ಹೀಗಿವೆ. 0.95 ವೋಲ್ಟಿನಲ್ಲಿ 3.16 ಗಿಗಾಹರ್ಟ್ಸ್, ಸೆಕೆಂಡಿಗೆ 1.01 ಲಕ್ಷ ಕೋಟಿ ಲೆಕ್ಕಗಳು. ವಿದ್ಯುತ್ 62 ವಾಟ್. 1.2 ವೋಲ್ಟಿನಲ್ಲಿ 5.1 ಗಿಗಾಹರ್ಟ್ಸ್; 1.63 ಲಕ್ಷ ಕೋಟಿ ಲೆಕ್ಕಗಳು, 175 ವಾಟ್. 1.35 ವೋಲ್ಟಿನಲ್ಲಿ 5.7 ಗಿಗಾಹರ್ಟ್ಸ್, 1.81 ಲಕ್ಷ ಕೋಟಿ ಲೆಕ್ಕಗಳು; 265 ವಾಟ್.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಮೊದಲನೆಯದರಿಂದ ಕೊನೆಯದಕ್ಕೆ ಕೆಲಸ ಹೆಚ್ಚಿದ್ದು 1.8 ಪಟ್ಟು. ವಿದ್ಯುತ್ತು ಹೆಚ್ಚಿದ್ದು 4.3 ಪಟ್ಟು. ಕೊನೆಯ ಮೆಟ್ಟಿಲೊಂದನ್ನೇ ನೋಡಿದರೆ 11 ಶೇಕಡ ಕೆಲಸಕ್ಕಾಗಿ 51 ಶೇಕಡ ಹೆಚ್ಚು ವಿದ್ಯುತ್ತು. ಇನ್ನೂ ಒಂದು ಸ್ವಾರಸ್ಯವಿದೆ. ವೇಗ ಮತ್ತು ವೋಲ್ಟೇಜಿನ ವರ್ಗದ ನಿಯಮದಿಂದ ಲೆಕ್ಕ ಹಾಕಿದರೆ ಕೊನೆಯ ಮೆಟ್ಟಿಲಿಗೆ ಬರಬೇಕಾದದ್ದು ಸುಮಾರು 226 ವಾಟ್. ಬಂದದ್ದು 265. ಉಳಿದ 39 ವಾಟ್ ಎಲ್ಲಿಂದ? ವೋಲ್ಟೇಜೂ ಬಿಸಿಯೂ ಏರಿದಂತೆ, ಕೆಲಸ ಮಾಡದೆ ಸುಮ್ಮನಿರುವ ಟ್ರಾನ್ಸಿಸ್ಟರುಗಳಲ್ಲೂ ವಿದ್ಯುತ್ತು ಸೋರುತ್ತದೆ. ಹಳೆಯ ತೂಬಿನ ಹಾಗೆ, ಮಟ್ಟ ಏರಿದಷ್ಟೂ ಸೋರಿಕೆ ಹೆಚ್ಚು.

ಈ ಪಾಠ ಕಲಿತದ್ದರಿಂದಲೇ ತಯಾರಕರು ದಾರಿ ಬದಲಿಸಿದರು. 3.8 ಗಿಗಾಹರ್ಟ್ಸ್ ಮುಟ್ಟಿದ್ದ ಪೆಂಟಿಯಮ್ 4 ಪ್ರೊಸೆಸರನ್ನು 4ಕ್ಕೆ ಏರಿಸುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. 2008ರಲ್ಲಿ ಬೆಂಗಳೂರಿನ ತಂಡ ರೂಪಿಸಿದ ಜಿಯಾನ್ 7400 ಮಾಲೆಯ ಪ್ರೊಸೆಸರಿನಲ್ಲಿ ಆರು ಕೋರ್‌ಗಳೂ 190 ಕೋಟಿ ಟ್ರಾನ್ಸಿಸ್ಟರುಗಳೂ ಇದ್ದವು. ಅದರ ವೇಗ 2.66 ಗಿಗಾಹರ್ಟ್ಸ್ ಮಾತ್ರ. ಒಬ್ಬನನ್ನು ಓಡಿಸಿ ಸುಸ್ತು ಮಾಡುವುದಕ್ಕಿಂತ ಆರು ಜನ ನಡೆದು ಮಾಡುವುದು ಅಗ್ಗ.

ಡಿಸೆಂಬರ್ ರಾತ್ರಿ, ಏಪ್ರಿಲ್ ಮಧ್ಯಾಹ್ನ

ಸ್ಟುಡಿಯೋದ ಯುವಕ ಈ ನಿಯಮವನ್ನು ತನ್ನ ಯಂತ್ರಕ್ಕೆ ಹಚ್ಚಿ ನೋಡಬಹುದು. 4.3ರಲ್ಲಿ 1.15 ವೋಲ್ಟಿಗೆ 90 ವಾಟ್ ಬೇಕಾಗುತ್ತಿತ್ತು, 4.7ಕ್ಕೆ 1.25 ವೋಲ್ಟ್ ಬೇಕಾಯಿತು ಎಂದಿಟ್ಟುಕೊಳ್ಳಿ. ವೇಗ ಹೆಚ್ಚಿದ್ದು 9 ಶೇಕಡ. ವಿದ್ಯುತ್ತು ಸುಮಾರು 116 ವಾಟಿಗೆ ಏರುತ್ತದೆ, ಅಂದರೆ 29 ಶೇಕಡ. ಮೂರು ಗಂಟೆಯ ಕೆಲಸದಲ್ಲಿ ಉಳಿಯುವುದು ಹೆಚ್ಚೆಂದರೆ 15 ನಿಮಿಷ.

ಈಗ ಬಿಸಿಯ ಲೆಕ್ಕ. ಪ್ರೊಸೆಸರಿನ ಮೇಲೆ ಕೂತ ಕೂಲರಿನ ಗುಣವನ್ನು ಒಂದೇ ಅಂಕಿಯಿಂದ ಹೇಳಬಹುದು: ಪ್ರತಿ ವಾಟಿಗೆ ಎಷ್ಟು ಡಿಗ್ರಿ ಏರಿಕೆ. ಸಾಧಾರಣ ಕೂಲರಿಗೆ ಅದು 0.6 ಎಂದುಕೊಂಡರೆ 116 ವಾಟಿಗೆ 70 ಡಿಗ್ರಿ. ಇದು ಕೋಣೆಯ ಉಷ್ಣತೆಯ ಮೇಲಿನ ಏರಿಕೆ ಎಂಬುದನ್ನು ಮರೆಯಬಾರದು. ಡಿಸೆಂಬರ್ ರಾತ್ರಿ ಹೆಸರಘಟ್ಟದ ಕೋಣೆಯಲ್ಲಿ 20 ಡಿಗ್ರಿ ಇದ್ದರೆ ಪ್ರೊಸೆಸರ್ 90ಕ್ಕೆ ನಿಲ್ಲುತ್ತದೆ. ಯುವಕ ರಾತ್ರಿಯೆಲ್ಲ ಪರೀಕ್ಷೆ ಓಡಿಸಿ ಬೆಳಿಗ್ಗೆ ಸಂತೋಷಪಡುತ್ತಾನೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಸೂರಿನ ಕೆಳಗೆ 36 ಡಿಗ್ರಿ. 36ಕ್ಕೆ 70 ಸೇರಿದರೆ 106. ಈ ಪ್ರೊಸೆಸರಿನ ಮಿತಿ 100. ಮಿತಿ ಮುಟ್ಟಿದೊಡನೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಗಳಿಸಿದ 9 ಶೇಕಡವೂ ಹೋಯಿತು. ಇಲ್ಲವೇ ಅದಕ್ಕೂ ಮೊದಲೇ ನೀಲಿ ಪರದೆ ಬಂದು ಎರಡೂವರೆ ಗಂಟೆಯ ಕೆಲಸ ನೀರಿನಲ್ಲಿ ಹೋಮವಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರದಲ್ಲೇ 39.2 ಡಿಗ್ರಿ ದಾಖಲಾಗಿತ್ತು ಎಂಬುದು ನೆನಪಿರಲಿ.

ಅದೇ ಯಂತ್ರಕ್ಕೆ ವಾಟಿಗೆ 0.4 ಡಿಗ್ರಿಯ ದೊಡ್ಡ ಕೂಲರ್ ಹಾಕಿದರೆ ಏಪ್ರಿಲ್‌ನಲ್ಲೂ 82ರ ಆಸುಪಾಸಿನಲ್ಲಿರುತ್ತದೆ. ಕ್ಯಾಬಿನೆಟ್ಟಿನ ಜಾಲರಿಗೆ ಹಿಡಿದ ಕೆಂಪು ಮಣ್ಣಿನ ಧೂಳನ್ನು ತಿಂಗಳಿಗೊಮ್ಮೆ ತೆಗೆಯುವುದೂ ಇದರಷ್ಟೇ ಮುಖ್ಯ. ಕುದಿಬಿಂದು ಸೊನ್ನೆಗಿಂತ 269 ಡಿಗ್ರಿ ಕೆಳಗಿರುವ ದ್ರವ ಹೀಲಿಯಮ್ ಸುರಿದು 9 ಗಿಗಾಹರ್ಟ್ಸ್ ದಾಟಿದವರು ಜಗತ್ತಿನಲ್ಲಿದ್ದಾರೆ. ಅವರ ಯಂತ್ರ ದಾಖಲೆಗೆಂದು ಕೆಲವು ಕ್ಷಣ ನಿಂತರೆ ಸಾಕು. ಸ್ಟುಡಿಯೋದ್ದು ದಿನವೆಲ್ಲ ನಿಲ್ಲಬೇಕು.

ಮೂವತ್ತೈದು ತೊಂಬತ್ತೊಂಬತ್ತಾದರೆ

ಪ್ರೊಸೆಸರ್ ತಪ್ಪಿದರೆ ಸಾಮಾನ್ಯವಾಗಿ ಯಂತ್ರವೇ ನಿಂತುಹೋಗುತ್ತದೆ, ಅದರಿಂದ ಗೊತ್ತಾಗುತ್ತದೆ. ರ್‍ಯಾಮ್ ತಪ್ಪಿದರೆ ಹಾಗಲ್ಲ. ಅಂಕಪಟ್ಟಿಯ 35ನ್ನು ಕಂಪ್ಯೂಟರ್ 0100011 ಎಂದು ಇಟ್ಟುಕೊಳ್ಳುತ್ತದೆ. ಎಡತುದಿಯ ಸೊನ್ನೆಯೊಂದು ಮಗುಚಿ ಒಂದಾದರೆ ಆ ಹುಡುಗನಿಗೆ 99. ಅದರ ಪಕ್ಕದ ಒಂದು ಮಗುಚಿ ಸೊನ್ನೆಯಾದರೆ ಬರೀ 3. ಯಂತ್ರ ನಿಲ್ಲುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ತಪ್ಪು ಅಂಕಿಯೇ ಡಿಸ್ಕಿಗೆ ಹೋಗಿ ಕೂರುತ್ತದೆ. ಮದುವೆಯ ಕಡತದಲ್ಲಿ ಇದು ಒಂದು ಚುಕ್ಕೆಯಾಗಿ ಕಾಣಬಹುದು. ಇಲ್ಲವೇ ಕಡತವೇ ತೆರೆಯದೆ ಹೋಗಬಹುದು.

ರ್‍ಯಾಮಿನ ಪ್ರತಿ ಬಿಟ್ಟೂ ಒಂದು ಪುಟ್ಟ ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ವಿದ್ಯುದಂಶ. ಅದು ತೂತಿನ ಗಡಿಗೆ. ಆದ್ದರಿಂದ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಗಡಿಗೆಗಳನ್ನೂ ಮತ್ತೆ ತುಂಬಬೇಕು. ಬಿಸಿ ಹೆಚ್ಚಿದರೆ ಸೋರಿಕೆಯೂ ಹೆಚ್ಚು. 85 ಡಿಗ್ರಿ ದಾಟಿದರೆ ಇಮ್ಮಡಿ ಸಲ ತುಂಬಬೇಕೆಂದು ನಿಯಮವೇ ಇದೆ.

ರ್‍ಯಾಮ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. 3200 ಎಂಬುದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಮಾಹಿತಿ ಸಾಗುತ್ತದೆ ಎಂಬುದು. ಒಂದು ಬಡಿತಕ್ಕೆ ಎರಡು ಸಲ ಸಾಗುವುದರಿಂದ ನಿಜವಾದ ಬಡಿತ 1600 ಮೆಗಾಹರ್ಟ್ಸ್. ಸಿಎಲ್16 ಎಂಬುದು ಕೇಳಿದ ಮಾಹಿತಿ ಬರಲು ಎಷ್ಟು ಬಡಿತ ಕಾಯಬೇಕು ಎಂಬುದು. 16ನ್ನು 1600 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ 10 ನ್ಯಾನೋಸೆಕೆಂಡ್. 3600ರ ಸಿಎಲ್18 ಕೂಡ ಅಷ್ಟೇ, 10 ನ್ಯಾನೋಸೆಕೆಂಡ್. ಕಾಯುವ ಹೊತ್ತು ಒಂದೇ, ಬರುವ ಧಾರೆ ಮಾತ್ರ ದಪ್ಪ. 2666ರ ಸಿಎಲ್19ರಲ್ಲಾದರೆ ಕಾಯಬೇಕಾದದ್ದು 14 ನ್ಯಾನೋಸೆಕೆಂಡಿಗೂ ಹೆಚ್ಚು. ದೊಡ್ಡ ಅಂಕಿ ಮಾತ್ರ ನೋಡಿ ಕೊಂಡವನು ಮೋಸಹೋಗುವುದು ಇಲ್ಲಿಯೇ.

ಡಿಡಿಆರ್4 ರ್‍ಯಾಮಿಗೆ ಗೊತ್ತುಮಾಡಿದ ವೋಲ್ಟೇಜ್ 1.2. ತಯಾರಕರೇ ಪರೀಕ್ಷಿಸಿ ಹಲಗೆಯಲ್ಲಿ ಬರೆದಿಟ್ಟ ವೇಗದ ಪಟ್ಟಿಗೆ ಎಕ್ಸ್ಎಂಪಿ ಎಂದು ಹೆಸರು. ಬಯಾಸ್ ಪರದೆಯಲ್ಲಿ ಅದನ್ನು ಆರಿಸಿದರೆ ಸಾಮಾನ್ಯವಾಗಿ 1.35 ವೋಲ್ಟಿನಲ್ಲಿ ಮುದ್ರಿತ ವೇಗ ಬರುತ್ತದೆ. ಅನೇಕ ಮನೆಗಳಲ್ಲಿ 3200ರ ರ್‍ಯಾಮ್ ಕೊಂಡು, ಇದನ್ನು ಆರಿಸದೆ, ವರ್ಷಗಟ್ಟಲೆ ಕಡಿಮೆ ವೇಗದಲ್ಲೇ ಓಡಿಸುತ್ತಿರುತ್ತಾರೆ. ಇದೂ ಲೆಕ್ಕಕ್ಕೆ ಓವರ್‌ಕ್ಲಾಕಿಂಗೇ. ಪರೀಕ್ಷೆ ಇಲ್ಲಿಗೂ ಬೇಕು.

ಪ್ರಯೋಗಶಾಲೆಯ ಶಿಸ್ತು

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮೊದಲು ಕಲಿಸುವ ಪಾಠವೇ ಇಲ್ಲಿಯೂ ಮುಖ್ಯ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊದಲ ಕೆಲಸ ಕಡತಗಳ ಪ್ರತಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಬೇರೆ ಇಡುವುದು. ಎರಡನೆಯದು ಈಗಿರುವ ಸ್ಥಿತಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು: ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ವೋಲ್ಟೇಜ್, ಒಂದು ಗೊತ್ತಾದ ಕಡತ ಮುಗಿಸಲು ಹಿಡಿದ ನಿಮಿಷಗಳು. ಅಳತೆಯಿಲ್ಲದೆ 'ಫಾಸ್ಟ್ ಆಯಿತು' ಎನ್ನುವುದು ವಿಜ್ಞಾನವಲ್ಲ. ಪ್ರೊಸೆಸರೂ ಮದರ್‌ಬೋರ್ಡೂ ಇದಕ್ಕೆ ಅವಕಾಶ ಕೊಡುತ್ತವೆಯೇ ಎಂಬುದನ್ನೂ ಆಗಲೇ ನೋಡಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರವಿರುವ ಪ್ರೊಸೆಸರೂ ಜೆಡ್ ಮಾಲೆಯ ಬೋರ್ಡೂ ಬೇಕು. ಎಎಂಡಿ ರೈಜನ್‌ನಲ್ಲಿ ಬಹುತೇಕ ಪ್ರೊಸೆಸರುಗಳಿಗೆ ಬೀಗವಿಲ್ಲ, ಆದರೆ ಎ ಮಾಲೆಯ ಅಗ್ಗದ ಬೋರ್ಡುಗಳಲ್ಲಿ ಪ್ರೊಸೆಸರಿನ ವೇಗ ಏರಿಸಲು ಬರುವುದಿಲ್ಲ.

ಆಮೇಲೆ ರ್‍ಯಾಮ್ ಒಂದನ್ನೇ ಬದಲಿಸಿ, ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿ ನಾಲ್ಕು ಸುತ್ತು ಪರೀಕ್ಷಿಸಬೇಕು. ಅದು ಪ್ರತಿ ಗಡಿಗೆಗೂ ಗೊತ್ತಾದ ನಮೂನೆ ಬರೆದು ಮತ್ತೆ ಓದುತ್ತದೆ. ಇಲ್ಲಿ ಪಾಸ್ ಮಾರ್ಕು ಮೂವತ್ತೈದಲ್ಲ. ಒಂದೇ ಒಂದು ತಪ್ಪು ಬಂದರೂ ಫೇಲ್.

ರ್‍ಯಾಮ್ ಗಟ್ಟಿ ಎಂದಾದ ಮೇಲೆ ಪ್ರೊಸೆಸರ್. ಮೂಲ ಬಡಿತ 100 ಮೆಗಾಹರ್ಟ್ಸನ್ನು ಮುಟ್ಟದೆ, ಅದನ್ನು ಗುಣಿಸುವ ಅಂಕಿಯನ್ನು 43ರಿಂದ 44, ಆಮೇಲೆ 45 ಎಂದು ಒಂದೊಂದೇ ಏರಿಸಬೇಕು. ಪ್ರತಿ ಮೆಟ್ಟಿಲಿಗೂ ಹದಿನೈದು ನಿಮಿಷ ಪ್ರೈಮ್95 ಓಡಿಸಬೇಕು. ಇದು ದೊಡ್ಡ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆಂದು ಹುಟ್ಟಿದ ತಂತ್ರಾಂಶ. ಉತ್ತರ ಮೊದಲೇ ಗೊತ್ತಿರುವ ಭಾರಿ ಗುಣಾಕಾರಗಳನ್ನು ಮಾಡಿಸಿ ತಾಳೆ ನೋಡುತ್ತದೆ. ತಪ್ಪು ಬಂದರೆ ವೋಲ್ಟೇಜನ್ನು 0.01 ಅಥವಾ 0.02ರಷ್ಟು ಏರಿಸಿ ಮತ್ತೆ ನೋಡಬಹುದು. ಆದರೂ ನಿಲ್ಲದಿದ್ದರೆ ಅಥವಾ ಬಿಸಿ 85 ದಾಟಿದರೆ ಹಿಂದಿನ ಮೆಟ್ಟಿಲೇ ಏರಿಯ ಮಟ್ಟ. ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಇಳಿದು ನಿಲ್ಲುವುದು ಜಾಣತನ. ಕೊನೆಯ ದೀರ್ಘ ಪರೀಕ್ಷೆಯನ್ನು ತಂಪು ರಾತ್ರಿಯಲ್ಲಿ ಮಾಡಿದರೆ ಸಾಲದು, ಕಡು ಸೆಖೆಯ ಮಧ್ಯಾಹ್ನವೂ ಮಾಡಬೇಕು. ಏನಾದರೂ ಎಡವಟ್ಟಾಗಿ ಪರದೆಯೇ ಬರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಮದರ್‌ಬೋರ್ಡಿನ ಬಿಲ್ಲೆಯಾಕಾರದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಹಳೆಯ ವೇಗಕ್ಕೆ ಮರಳುತ್ತದೆ.

ವೋಲ್ಟೇಜ್ ವಿಷಯದಲ್ಲಿ ಮಾತ್ರ ಧಾರಾಳ ಸಲ್ಲದು. ಹೆಚ್ಚಿನ ವೋಲ್ಟೇಜೂ ಬಿಸಿಯೂ ಸೇರಿ ಚಿಪ್ಪನ್ನು ಒಳಗಿನಿಂದ ಸವೆಸುತ್ತವೆ. ನಿನ್ನೆ ಸಾಕಾಗಿದ್ದ ವೋಲ್ಟೇಜ್ ವರ್ಷದ ನಂತರ ಸಾಲದೆ ಹೋಗುತ್ತದೆ. ಬಳಕೆದಾರರು ಏನೂ ಮಾಡದಿದ್ದಾಗಲೂ ಇದು ನಡೆದದ್ದುಂಟು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿಕೊಂಡು ಅಸ್ಥಿರವಾದವು. 2024ರಲ್ಲಿ ಕಂಪನಿ ತಿದ್ದುಪಡಿಯ ತಂತ್ರಾಂಶ ಹೊರಡಿಸಿ, ಖಾತರಿಯ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಬೇಕಾಯಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ತಿದ್ದುಪಡಿಯೂ ಹೊಸದು ಮಾಡಲಾರದು. ಅಂಥ ಪ್ರೊಸೆಸರ್ ಇರುವವರು ಮೊದಲು ಬಯಾಸ್ ನವೀಕರಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಕರೆಂಟು ಹೋಗದಂತೆ ಯುಪಿಎಸ್ ಇರಲಿ. ಕೈಯಾರೆ ವೋಲ್ಟೇಜ್ ಏರಿಸಿ ಸುಟ್ಟ ಚಿಪ್ಪಿಗೆ ಸಾಮಾನ್ಯವಾಗಿ ಖಾತರಿ ಅನ್ವಯಿಸುವುದಿಲ್ಲ ಎಂಬುದೂ ಗೊತ್ತಿರಬೇಕು.

ಹಾಗಾದರೆ ಸ್ಟುಡಿಯೋದ ಯುವಕ ಏನು ಮಾಡಬೇಕು? ಲೆಕ್ಕ ಹೇಳುವುದಿಷ್ಟು. ಮೊದಲು ರ್‍ಯಾಮನ್ನು ಮುದ್ರಿತ ವೇಗಕ್ಕೆ ತಂದು ಪರೀಕ್ಷಿಸಲಿ, ಅದು ಬಹುಮಟ್ಟಿಗೆ ಪುಕ್ಕಟೆ. ಪ್ರೊಸೆಸರನ್ನು ವೋಲ್ಟೇಜ್ ಹೆಚ್ಚಿಸದೆ ಎಷ್ಟು ಏರುತ್ತದೋ ಅಷ್ಟು ಏರಿಸಿ ನಿಲ್ಲಿಸಲಿ. 4.5ಕ್ಕೆ ನಿಂತರೂ ಮೂರು ಗಂಟೆಯ ಕೆಲಸದಲ್ಲಿ ಎಂಟು ನಿಮಿಷ ಉಳಿಯುತ್ತದೆ. ಉಳಿದ ಏಳು ನಿಮಿಷಕ್ಕಾಗಿ ಯಂತ್ರವನ್ನು ಕುದಿಸುವ ಬದಲು, ಆ ದುಡ್ಡಿಗೆ ಒಂದು ಒಳ್ಳೆಯ ಕೂಲರನ್ನೂ ಕಡತಗಳ ಎರಡನೆಯ ಪ್ರತಿಗೆ ಇನ್ನೊಂದು ಡಿಸ್ಕನ್ನೂ ತರಲಿ. ಬಾಗಿಲಲ್ಲಿ ನಿಂತವರು ಏಳು ನಿಮಿಷ ಕಾಯುತ್ತಾರೆ. ಮಗಳ ಮದುವೆ ಹಾಳಾಯಿತೆಂದರೆ ಕ್ಷಮಿಸುವುದಿಲ್ಲ.

ಕೋಡಿ ಕಟ್ಟಿದವರು ಏರಿಯ ಬಲ ಅರಿಯದವರಲ್ಲ. ಮರಳ ಮೂಟೆ ಇಡುವವರು ಎಷ್ಟು ಇಟ್ಟಿದ್ದೇವೆ ಎಂಬ ಲೆಕ್ಕ ಇಟ್ಟುಕೊಂಡು, ಮಳೆಗಾಲದ ರಾತ್ರಿ ಒಮ್ಮೆ ಎದ್ದು ಏರಿಯ ಕಡೆ ನೋಡಿ ಬಂದರೆ ಒಳ್ಳೆಯದು.